ಸೂಜಿ ಹಾಕಿಸಿದರೂ ಕೆಚ್ಚಲು ಬಾವು ಮತ್ತೆ ಮತ್ತೆ ಬರುತ್ತಿದೆ, ಇನ್ನೂ ಜೋರಿನ ಔಷಧಿ ಬೇಕಾ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಮ್ಮದು ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳು, ಒಂದು ನಾಡತಳಿ ದೇವಣಿ ಆಕಳು, ಒಂದು ಎಮ್ಮೆ ಇವೆ. ಎಚ್‌ಎಫ್ ಆಕಳು ಎರಡನೇ ಸೂಲಿನದು, ದಿನಕ್ಕೆ 12 ಲೀಟರ್ ಕೊಡುತ್ತಿತ್ತು. ಐದು ತಿಂಗಳಲ್ಲಿ ನಾಲ್ಕು ಸಲ ಅದರ ಬಲಗಡೆ ಹಿಂದಿನ ಮೊಲೆಗೆ ಬಾವು ಬಂದಿದೆ. ಊರಿಗೆ ಬರುವವರೊಬ್ಬರು ಸೂಜಿ ಹಾಕುತ್ತಾರೆ. ಮೊದಲ ಮೂರು ಸಲ ಎರಡೇ ದಿನಕ್ಕೆ ಹಾಲು ಸರಿಹೋಯಿತು, ಅಲ್ಲಿಗೆ ಬಿಟ್ಟೆವು. ಈ ಸಲ ಐದು ಸೂಜಿ ಆದರೂ ಹಾಲಿನಲ್ಲಿ ಗಟ್ಟಿ ಗಟ್ಟಿ ಬರುವುದು ನಿಂತಿಲ್ಲ. ಇದಕ್ಕಿಂತ ಜೋರಿನ ಔಷಧಿ ಯಾವುದಿದೆ? ಮಳೆಗಾಲ ಬಂತು, ಉಳಿದ ಎರಡಕ್ಕೂ ಮುಂಚೆಯೇ ಒಂದೊಂದು ಆಂಟಿಬಯಾಟಿಕ್ ಹಾಕಿಸಿಬಿಡಲೇ? ಇನ್ನೊಂದು ಮಾತು. ಸೂಜಿ ಹಾಕಿದ ದಿನ ಹಾಲನ್ನು ಡೇರಿಗೆ ಹಾಕುವುದಿಲ್ಲ, ಕಾಯಿಸಿ ಮನೆಯಲ್ಲೇ ಕುಡಿಯುತ್ತೇವೆ. ಚೆನ್ನಾಗಿ ಕುದಿಸಿದರೆ ಏನೂ ಆಗುವುದಿಲ್ಲ ಅನ್ನುತ್ತಾರೆ ನಮ್ಮ ಅತ್ತೆ. ನಿಜವೇ?

ಉತ್ತರ: ಅಕ್ಕಾ, ನಿಮ್ಮ ಮೂರೂ ಪ್ರಶ್ನೆಗೆ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಜೋರಿನ ಔಷಧಿ ಈಗ ಬೇಡ, ಮೊದಲು ಆ ಮೊಲೆಯ ಹಾಲನ್ನು ಪರೀಕ್ಷೆಗೆ ಕಳಿಸಿ. ಉಳಿದ ಎರಡಕ್ಕೆ ಮುಂಚೆಯೇ ಆಂಟಿಬಯಾಟಿಕ್ ಖಂಡಿತ ಬೇಡ, ಅವಕ್ಕೆ ಬೇಕಿರುವುದು ಲಸಿಕೆ ಮತ್ತು ಒಣ ನೆಲ. ಸೂಜಿ ಹಾಕಿದ ಆಕಳ ಹಾಲನ್ನು ಎಷ್ಟು ಕುದಿಸಿದರೂ ಔಷಧಿ ಅದರಲ್ಲೇ ಉಳಿಯುತ್ತದೆ. ಅದನ್ನು ಮಕ್ಕಳಿಗೆ ಕೊಡಬೇಡಿ, ನೀವೂ ಕುಡಿಯಬೇಡಿ.

ಈಗ ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಆದರೆ ಇದೇ ತೊಂದರೆ ಔರಾದ್‌ನಿಂದ ಶಹಾಪುರದವರೆಗೆ ಎಷ್ಟೋ ಮನೆಗಳಲ್ಲಿದೆ.

ನೀವು ಬರೆದ ಒಂದು ಮಾತು ನನಗೆ ಬಹಳ ಮುಖ್ಯ ಅನ್ನಿಸಿತು. ಪ್ರತಿ ಸಲವೂ ಅದೇ ಬಲಗಡೆ ಹಿಂದಿನ ಮೊಲೆ. ನಾಲ್ಕು ಸಲ ನಾಲ್ಕು ಹೊಸ ರೋಗ ಬಂದಿದ್ದರೆ ಒಮ್ಮೆ ಮುಂದಿನ ಮೊಲೆ, ಒಮ್ಮೆ ಎಡಗಡೆಯದು ಅಂತ ಬದಲಾಗಬೇಕಿತ್ತು, ಅಲ್ವಾ? ಒಂದೇ ಮೊಲೆಗೆ ಬರುತ್ತಿದೆ ಅಂದರೆ ಮೊದಲ ಸಲ ಬಂದ ರೋಗ ಹೋಗಿಯೇ ಇಲ್ಲ ಅನ್ನುವ ಅನುಮಾನ ನನಗೆ. ಒಳಗೆ ಅಡಗಿ ಕೂತಿದೆ, ಆಗಾಗ ತಲೆ ಎತ್ತುತ್ತಿದೆ.

ಹೀಗೆ ಅಡಗಿ ಕೂರುವುದರಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಅನ್ನುವ ರೋಗಾಣು ಬಲು ಗಟ್ಟಿ. ಅದು ಕೆಚ್ಚಲಿನ ಒಳಗೆ ಸಣ್ಣ ಸಣ್ಣ ಕೀವಿನ ಗಂಟು ಮಾಡಿಕೊಂಡು, ಸುತ್ತ ಗೋಡೆ ಕಟ್ಟಿಕೊಂಡು ಇರುತ್ತದೆ. ರಕ್ತದಲ್ಲಿ ಹರಿದು ಬಂದ ಔಷಧಿ ಆ ಗೋಡೆಯ ಒಳಗೆ ಸರಿಯಾಗಿ ಹೋಗುವುದಿಲ್ಲ. ಹೊರಗೆ ಹಾಲಿನಲ್ಲಿ ತೇಲುವ ರೋಗಾಣು ಸಾಯುತ್ತದೆ, ಎರಡು ದಿನದಲ್ಲಿ ಹಾಲು ಬೆಳ್ಳಗಾಗುತ್ತದೆ. ನೀವು ವಾಸಿಯಾಯಿತು ಅಂದುಕೊಳ್ಳುತ್ತೀರಿ. ಒಳಗಿನದು ಹಾಗೇ ಇರುತ್ತದೆ. ಅಷ್ಟೇ ಅಲ್ಲ, ಅರೆಬರೆ ಔಷಧಿ ಬಿದ್ದಾಗ ಮೆತ್ತಗಿನ ರೋಗಾಣುಗಳು ಸಾಯುತ್ತವೆ, ತಡೆದುಕೊಳ್ಳುವಂಥವು ಉಳಿಯುತ್ತವೆ. ಮುಂದಿನ ಸಲ ಕೆಚ್ಚಲಿನಲ್ಲಿ ತುಂಬಿಕೊಳ್ಳುವುದು ಆ ಉಳಿದವುಗಳ ಮಕ್ಕಳು ಮರಿಮಕ್ಕಳು. ಈ ಸಲ ಐದು ಸೂಜಿಗೂ ಬಗ್ಗದಿರಲು ಇದೂ ಒಂದು ಕಾರಣ ಇರಬಹುದು.

ಆದರೆ ಅದೇ ರೋಗಾಣು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕೆಚ್ಚಲು ಬಾವು ಅಂದರೆ ಒಂದೇ ರೋಗ ಅಲ್ಲ. ಸಗಣಿಯಿಂದ ಬರುವ ಇ. ಕೋಲೈ ಬೇರೆ ಥರ. ಆಕಳಿಗೆ ಸಡನ್ನಾಗಿ ಜ್ವರ ಬರುತ್ತದೆ, ಹಾಲು ನೀರು ನೀರಾಗುತ್ತದೆ, ಆಕಳು ಮೇವು ಬಿಡುತ್ತದೆ. ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಅಂತ ಇನ್ನೊಂದಿದೆ, ಅದು ಹಳೆಯ ಪೆನಿಸಿಲಿನ್‌ಗೇ ಚೆನ್ನಾಗಿ ಬಗ್ಗುತ್ತದೆ. ಬೂಷ್ಟಿನಿಂದಲೂ (ಶಿಲೀಂಧ್ರದಿಂದಲೂ) ಬಾವು ಬರುತ್ತದೆ. ಅದಕ್ಕೆ ಆಂಟಿಬಯಾಟಿಕ್ ಹಾಕಿದರೆ ಉಪಯೋಗವೇ ಇಲ್ಲ. ಎಷ್ಟೋ ಸಲ ಗಟ್ಟಿ ಗಟ್ಟಿ ಬರುತ್ತಿದ್ದರೂ ಆಕಳ ಮೈ ತಾನೇ ರೋಗಾಣುವನ್ನು ಕೊಂದು ಮುಗಿಸಿರುತ್ತದೆ, ಉಳಿದಿರುವುದು ಬಾವು ಮಾತ್ರ. ಯಾವುದು ಅಂತ ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಅದಕ್ಕೇ ಪರೀಕ್ಷೆ.

ಪರೀಕ್ಷೆ ಅಂದರೆ ದೊಡ್ಡ ಖರ್ಚಿನ ಮಾತು ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಗೆ ಒಂದು ಭಾಗ್ಯ ಇದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಬೀದರ್‌ನ ನಂದಿನಗರದಲ್ಲಿದೆ, ಪಶುವೈದ್ಯಕೀಯ ಕಾಲೇಜೂ ಅಲ್ಲೇ ಇದೆ. ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಳ್ಳಿ, ಸ್ಟೆರೈಲ್ (ರೋಗಾಣು ಇಲ್ಲದ) ಬಾಟಲಿ ಕೇಳಿ ಪಡೆಯಿರಿ. ಹಾಲು ತೆಗೆಯುವ ರೀತಿ ಮಾತ್ರ ಸರಿ ಇರಬೇಕು, ಇಲ್ಲದಿದ್ದರೆ ವರದಿಯಲ್ಲಿ ಸಗಣಿಯ ರೋಗಾಣು ಬರುತ್ತದೆ. ಕೈ ಸೋಪಿನಿಂದ ತೊಳೆಯಿರಿ. ಮೊಲೆ ತೊಳೆದು ಒರೆಸಿ ಪೂರ್ತಿ ಒಣಗಿಸಿ. ಮೊದಲ ಮೂರು ನಾಲ್ಕು ಧಾರೆ ಹೊರಗೆ ಬಿಡಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಮೊಲೆಯ ತುದಿಯನ್ನು ಹತ್ತಿಯಲ್ಲಿ ಕಪ್ಪು ಹತ್ತದವರೆಗೆ ಉಜ್ಜಿ. ಬಾಟಲಿಯನ್ನು ನೆಟ್ಟಗೆ ಹಿಡಿಯಬೇಡಿ, ಅಡ್ಡ ವಾಲಿಸಿ ಹಿಡಿಯಿರಿ, ಮೇಲಿನಿಂದ ಧೂಳು ಕೂದಲು ಬೀಳಬಾರದು. ಎರಡು ಧಾರೆ ಬಿದ್ದರೆ ಸಾಕು. ಮುಚ್ಚಳ ಹಾಕಿ ಐಸ್ ಇಟ್ಟು ಅದೇ ದಿನ ಮುಟ್ಟಿಸಿ. ಈಗ ಸೂಜಿ ಹಾಕಿಸಿದ್ದೀರಿ, ಹಾಗಾಗಿ ಯಾವ ದಿನ ಹಾಲು ತೆಗೆಯಬೇಕು ಅಂತ ಡಾಕ್ಟರನ್ನೇ ಕೇಳಿ. ಮೈಯಲ್ಲಿ ಔಷಧಿ ಇರುವಾಗ ತೆಗೆದರೆ ರೋಗಾಣು ಇದ್ದರೂ ತಟ್ಟೆಯಲ್ಲಿ ಬೆಳೆಯದೇ ಹೋಗಬಹುದು.

ಲ್ಯಾಬಿನಲ್ಲಿ ಏನು ಮಾಡುತ್ತಾರೆ ಅಂತ ಒಮ್ಮೆ ನೋಡಿದರೆ ಈ ವಿಷಯ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅಂಗೈಯಗಲದ ಒಂದು ತಟ್ಟೆ. ಅದರಲ್ಲಿ ಹಾಲಿನ ರೋಗಾಣುವನ್ನು ಬಿತ್ತಿರುತ್ತಾರೆ. ಮೇಲೆ ಚಿಕ್ಕ ಬಿಳಿ ಕಾಗದದ ಚುಕ್ಕೆಗಳನ್ನು ಇಡುತ್ತಾರೆ, ನೀವು ಹಣೆಗೆ ಹಚ್ಚುವ ಟಿಕಳಿಯಷ್ಟು. ಒಂದೊಂದು ಚುಕ್ಕೆಯಲ್ಲಿ ಒಂದೊಂದು ಔಷಧಿ. ಮರುದಿನ ನೋಡಿದರೆ ತಟ್ಟೆಯ ತುಂಬಾ ರೋಗಾಣು ಕೆನೆಯ ಹಾಗೆ ಹರಡಿರುತ್ತದೆ. ಕೆಲವು ಚುಕ್ಕೆಗಳ ಸುತ್ತ ಮಾತ್ರ ದುಂಡಗೆ, ತಿಳಿಯಾಗಿ ಖಾಲಿ ಜಾಗ ಇರುತ್ತದೆ. ಅಲ್ಲಿ ಔಷಧಿ ಕೆಲಸ ಮಾಡಿದೆ. ಇನ್ನು ಕೆಲವು ಚುಕ್ಕೆಗಳ ಅಂಚಿಗೇ ರೋಗಾಣು ಬಂದು ಕೂತಿರುತ್ತದೆ. ಆ ಔಷಧಿಯನ್ನು ನಿಮ್ಮ ಆಕಳಿಗೆ ಹತ್ತು ಸೂಜಿ ಹಾಕಿದರೂ ರೊಕ್ಕ ಮಣ್ಣುಪಾಲು. ಎರಡು ಮೂರು ದಿನದಲ್ಲಿ ವರದಿ ಬರುತ್ತದೆ. ಎಷ್ಟೋ ಸಲ ಕೆಲಸ ಮಾಡುವ ಔಷಧಿ ಹಳೆಯದು, ಅಗ್ಗದ್ದು ಅಂತ ಗೊತ್ತಾಗಿ ರೈತರು ಖುಷಿ ಪಟ್ಟಿದ್ದಾರೆ.

ಆ ಎರಡು ಮೂರು ದಿನ ಕೈಕಟ್ಟಿ ಕೂರಬೇಕಾ? ಇಲ್ಲ. ಆಕಳಿಗೆ ಜ್ವರ ಇದ್ದರೆ, ಮೇವು ಬಿಟ್ಟಿದ್ದರೆ, ಮೊಲೆ ತಣ್ಣಗಾಗಿ ನೀಲಿ ತಿರುಗಿದ್ದರೆ ಒಂದು ತಾಸೂ ಕಾಯಬೇಡಿ, ಡಾಕ್ಟರನ್ನು ಕರೆಸಿ. 1962 ನಂಬರಿಗೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ಗಾಡಿ ಬರುತ್ತದೆ, ಕರೆಗೆ ದುಡ್ಡಿಲ್ಲ. ಆಕಳು ಲವಲವಿಕೆಯಿಂದ ಮೇವು ತಿನ್ನುತ್ತಿದ್ದು ಹಾಲಿನಲ್ಲಿ ಮಾತ್ರ ಗಟ್ಟಿ ಬರುತ್ತಿದ್ದರೆ ಆ ಮೊಲೆಯನ್ನು ದಿನಕ್ಕೆ ನಾಲ್ಕೈದು ಸಲ ಪೂರ್ತಿ ಹಿಂಡಿ ಖಾಲಿ ಮಾಡಿ. ನೋವಿಗೆ, ಬಾವಿಗೆ ಮೆಲಾಕ್ಸಿಕಾಮ್ ಒಳ್ಳೆಯದು, ಡಾಕ್ಟರಿಂದಲೇ ಹಾಕಿಸಿ. ಡೈಕ್ಲೋಫೆನಾಕ್ ಯಾರಾದರೂ ತಂದರೆ ಬೇಡ ಅನ್ನಿ. ಅದನ್ನು ಹಾಕಿದ ದನ ಸತ್ತಾಗ ತಿಂದ ರಣಹದ್ದುಗಳು ಸತ್ತು ಸತ್ತು, 2006ರಲ್ಲಿ ದನಗಳಿಗೆ ಆ ಔಷಧಿಯನ್ನು ದೇಶದಲ್ಲಿ ನಿಲ್ಲಿಸಲಾಯಿತು.

ಮನೆಮದ್ದಿನ ಬಗ್ಗೆಯೂ ಹೇಳಬೇಕು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಹಳ್ಳಿಗಳಲ್ಲಿ ಹೇಳಿಕೊಡುತ್ತಿರುವ ಒಂದು ಲೇಪ ಇದೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆ ಅಡಿಕೆಗೆ ಹಚ್ಚುವ ಸುಣ್ಣ 15 ಗ್ರಾಂ. ಮೂರನ್ನೂ ರುಬ್ಬಿದರೆ ಕೆಂಪಗಾಗುತ್ತದೆ. ಒಂದೊಂದು ಹಿಡಿ ತೆಗೆದುಕೊಂಡು ನೀರಿನಲ್ಲಿ ತೆಳ್ಳಗೆ ಮಾಡಿ, ಹಾಲು ಹಿಂಡಿ ಕೆಚ್ಚಲು ತೊಳೆದ ಮೇಲೆ ಇಡೀ ಕೆಚ್ಚಲಿಗೆ ಹಚ್ಚಬೇಕು. ದಿನಕ್ಕೆ ಎಂಟು ಹತ್ತು ಸಲ, ಐದು ದಿನ. ದಿನಾ ಹೊಸದಾಗಿ ಮಾಡಿಕೊಳ್ಳಬೇಕು. ಸಣ್ಣ ಬಾವಿಗೆ ಇದರಿಂದ ಗುಣ ಕಂಡ ಮನೆಗಳಿವೆ. ಜ್ವರ ಬಂದ ಆಕಳಿಗೆ ಇದನ್ನೇ ನಂಬಿ ಕೂರಬಾರದು, ಅಷ್ಟೇ.

ಈಗ ಆ "ಎರಡೇ ದಿನಕ್ಕೆ ಹಾಲು ಸರಿಹೋಯಿತು, ಅಲ್ಲಿಗೆ ಬಿಟ್ಟೆವು" ಅನ್ನುವ ಮಾತು. ಹಾಲು ಬೆಳ್ಳಗಾದ ಕೂಡಲೇ ನಿಲ್ಲಿಸಬೇಕೋ, ಮುಂದುವರಿಸಬೇಕೋ ಅನ್ನುವುದು ರೋಗಾಣುವಿನ ಮೇಲೆ ನಿಂತಿದೆ. ಎಷ್ಟು ದಿನ ಅಂತ ಚೀಟಿಯಲ್ಲಿ ಬರೆದಿರುತ್ತದೋ ಅಷ್ಟು ದಿನ ಹಾಕಿಸಿ. ಕಡಿಮೆಯೂ ಬೇಡ, ಇರಲಿ ಅಂತ ನಾಲ್ಕು ದಿನ ಜಾಸ್ತಿಯೂ ಬೇಡ. ಇನ್ನೊಂದು ತಪ್ಪು ಅಳತೆಯಲ್ಲಿ ಆಗುತ್ತದೆ. "ಒಂದು ಬಾಟಲಿ ಹಾಕಿ" ಅನ್ನುತ್ತಾರೆ. ಔಷಧಿಯ ಅಳತೆ ಬಾಟಲಿಯ ಮೇಲಲ್ಲ, ಆಕಳ ತೂಕದ ಮೇಲೆ. ನಿಮ್ಮ ದೇವಣಿಗೆ ಸರಿಯಾದ ಅಳತೆ ದೊಡ್ಡ ಎಚ್‌ಎಫ್ ಆಕಳಿಗೆ ಕಡಿಮೆ ಬೀಳಬಹುದು. ತಕ್ಕಡಿ ಇಲ್ಲದೆಯೂ ತೂಕ ಅಂದಾಜು ಮಾಡಬಹುದು. ದರ್ಜಿಯ ಟೇಪು ತಗೊಂಡು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ಅಳೆಯಿರಿ. ಭುಜದ ತುದಿಯಿಂದ ಹಿಂಭಾಗದ ಪಿರ್ರೆ ಎಲುಬಿನವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 70 ಇಂಚು, ಉದ್ದ 60 ಇಂಚು ಇದ್ದರೆ ಸುಮಾರು 445 ಕಿಲೋ. ಡಾಕ್ಟರಿಗೆ ಫೋನಿನಲ್ಲಿ ಈ ಲೆಕ್ಕ ಹೇಳಿದರೆ ಅವರಿಗೆ ಎಷ್ಟು ಅನುಕೂಲ ಗೊತ್ತಾ.

ಜೋರಿನ ಔಷಧಿ ಬೇಡ ಅಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ ಇದೆ. ಅಂಗಡಿಯಲ್ಲಿ ಜೋರಿನದು ಕೊಡಿ ಅಂದರೆ ಬಹಳ ಕಡೆ ಕೈಗೆ ಬರುವುದು ಸೆಫ್ಟ್ರಿಯಾಕ್ಸೋನ್. ನಿಮ್ಮ ಮಗುವಿಗೆ ಟೈಫಾಯ್ಡ್ ಜೋರಾಗಿ ಆಸ್ಪತ್ರೆಗೆ ಸೇರಿಸಿದರೆ ಸಲೈನ್ ಜೊತೆ ಹಾಕುವುದೂ ಅದೇ ಔಷಧಿ. ಹೆಸರಿನ ಚೀಟಿ ಬೇರೆ, ಬಾಟಲಿ ದೊಡ್ಡದು, ಒಳಗಿನ ಪುಡಿ ಒಂದೇ. ಕೊಟ್ಟಿಗೆಯಲ್ಲಿ ಅದನ್ನು ತಡೆದುಕೊಂಡು ಬದುಕಿದ ರೋಗಾಣು ಕೊಟ್ಟಿಗೆಯಲ್ಲೇ ಉಳಿಯುವುದಿಲ್ಲ. ಸಗಣಿಯಲ್ಲಿ ತಿಪ್ಪೆಗೆ ಹೋಗುತ್ತದೆ, ತಿಪ್ಪೆಯಿಂದ ತೊಗರಿ ಹೊಲಕ್ಕೆ, ಹಾಲು ಹಿಂಡುವವರ ಕೈಯಿಂದ ರೊಟ್ಟಿ ಬಡಿಯುವ ಕೈಗೆ. ತಡೆದುಕೊಳ್ಳುವ ಗುಣವನ್ನು ಒಂದು ರೋಗಾಣು ಪಕ್ಕದ ಇನ್ನೊಂದಕ್ಕೆ ದಾಟಿಸಲೂ ಬಲ್ಲದು. ಕೊಲಿಸ್ಟಿನ್ ಅನ್ನುವ ಔಷಧಿ ಮನುಷ್ಯರಿಗೆ ಕೊನೆಯ ಆಸರೆ ಅಂತ, 2019ರಲ್ಲಿ ಕೇಂದ್ರ ಸರಕಾರ ಅದನ್ನು ಹಾಲು, ಮಾಂಸ, ಮೊಟ್ಟೆಯ ಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಿತು. ಪ್ರತಿ ಔಷಧಿಯನ್ನೂ ಹಾಗೆ ನಿಷೇಧಿಸುವ ದಿನ ಬರಬಾರದು. ಬಂದರೆ ಆಕಳೂ ಉಳಿಯುವುದಿಲ್ಲ, ನಾವೂ ಉಳಿಯುವುದಿಲ್ಲ.

ಈ ಮಾತು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ನೌಕರಿಗೆ ಸೇರಿದ ಹೊಸತು. ಔರಾದ್ ಕಡೆ ಒಂದು ತಾಂಡಾದಲ್ಲಿ ಆಕಳಿಗೆ "ಮೂರು ದಿನದ ಜ್ವರ" ಅನ್ನುವ ರೋಗ ಬಂದಿತ್ತು. ಕಾಲು ಕುಂಟುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಅದು ವೈರಸ್‌ನಿಂದ ಬರುವುದು, ಹೆಚ್ಚಿನ ಆಕಳು ಮೂರು ನಾಲ್ಕು ದಿನದಲ್ಲಿ ತಾವೇ ಎದ್ದು ನಿಲ್ಲುತ್ತವೆ, ಆಂಟಿಬಯಾಟಿಕ್‌ಗೂ ವೈರಸ್‌ಗೂ ಸಂಬಂಧ ಇಲ್ಲ. ನನಗೆ ಗೊತ್ತಿತ್ತು. ಆದರೆ ಮನೆಯ ಯಜಮಾನ ಕೈ ಮುಗಿದು "ಏನಾದ್ರೂ ಒಂದ್ ಸೂಜಿ ಹಾಕ್ರಿ ಸಾಹೇಬ್ರ, ಸುಮ್ನ ಹೋಗಬ್ಯಾಡ್ರಿ" ಅಂದ. ನಾನು ಹಳದಿ ಬಣ್ಣದ ಆಕ್ಸಿಟೆಟ್ರಾಸೈಕ್ಲಿನ್ ಹಾಕಿ ಬಂದೆ. ಮೂರನೇ ದಿನಕ್ಕೆ ಆಕಳು ಎದ್ದಿತು, ಎದ್ದೇ ಏಳುತ್ತಿತ್ತು. ಆದರೆ ಹೆಸರು ಬಂದದ್ದು ಆ ಹಳದಿ ಬಾಟಲಿಗೆ. ಆಮೇಲೆ ಆ ತಾಂಡಾದಲ್ಲಿ ಯಾವ ದನಕ್ಕೆ ಏನಾದರೂ ಹಳದಿ ಬಾಟಲಿಯೇ ಬೇಕು. ಅಂಗಡಿಯಿಂದ ತಂದು ತಾವೇ ಹಾಕಿಕೊಳ್ಳತೊಡಗಿದರು. ಕಾಲುಬಾಯಿ ಬೇನೆಗೂ ಅದೇ, ಹೊಟ್ಟೆ ಉಬ್ಬರಕ್ಕೂ ಅದೇ. ಅವರಿಗೆ ಆ ರೂಢಿ ಹಚ್ಚಿದವನು ನಾನು. ಈಗ ಯಾರಾದರೂ "ಒಂದ್ ಸೂಜಿ" ಅಂದರೆ ಹತ್ತು ನಿಮಿಷ ಕೂತು ಮಾತಾಡುತ್ತೇನೆ, ಥರ್ಮಾಮೀಟರ್ ಇಟ್ಟು ತೋರಿಸುತ್ತೇನೆ, ಬೇಡ ಅನ್ನಿಸಿದರೆ ಹಾಕುವುದಿಲ್ಲ.

ಅದಕ್ಕೇ ನಿಮ್ಮ ಎರಡನೇ ಪ್ರಶ್ನೆಗೆ ಅಷ್ಟು ಖಡಕ್ಕಾಗಿ ಬೇಡ ಅಂದೆ. ಆರೋಗ್ಯವಾಗಿರುವ ಎಮ್ಮೆಗೆ ಮಳೆಗಾಲಕ್ಕೆ ಮುಂಚೆ ಆಂಟಿಬಯಾಟಿಕ್ ಹಾಕಿದರೆ ಅದು ಕೆಲವು ದಿನದಲ್ಲಿ ಉಚ್ಚೆಯಲ್ಲಿ, ಹಾಲಿನಲ್ಲಿ ಹೊರಗೆ ಹೋಗಿಬಿಡುತ್ತದೆ. ಮುಂದಿನ ತಿಂಗಳು ಬರುವ ರೋಗವನ್ನು ಅದು ಹೇಗೆ ತಡೆದೀತು? ತಡೆಯುವುದು ಲಸಿಕೆ. ಗಳಲೆ ರೋಗಕ್ಕೂ (ಗಂಟಲು ಬೇನೆ) ಚಪ್ಪೆ ಬೇನೆಗೂ (ತೊಡೆ, ಭುಜದ ಮಾಂಸ ಊದುವ ರೋಗ) ಮಳೆ ಹಿಡಿಯುವ ಮೊದಲೇ ಹಾಕಿಸಬೇಕು. ಎಮ್ಮೆಗೆ ಗಳಲೆ ಬಂದರೆ ಬೆಳಿಗ್ಗೆ ಜ್ವರ, ಸಂಜೆಗೆ ಗಂಟಲು ಊದಿ ಉಸಿರು ಕಟ್ಟುತ್ತದೆ. ಔಷಧಿ ಹುಡುಕುವಷ್ಟು ಹೊತ್ತೂ ಸಿಗುವುದಿಲ್ಲ. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಲಸಿಕೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನು ಮನೆ ಬಾಗಿಲಿಗೆ ಬಂದು ಪುಕ್ಕಟೆ ಹಾಕುತ್ತಾರೆ. ಅದೇ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ (ಗಬ್ಬ ಬೀಳಿಸುವ ಬ್ರುಸೆಲ್ಲಾ ರೋಗದ) ಲಸಿಕೆ ಇದೆ, ಜೀವನದಲ್ಲಿ ಒಂದೇ ಸಲ. ಚರ್ಮಗಂಟು ರೋಗ 2022ರಲ್ಲಿ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಕಣ್ಣೀರು ತರಿಸಿತು ಅಂತ ನಿಮಗೆ ನೆನಪಿರಬೇಕು, ಅದಕ್ಕೂ ಲಸಿಕೆ ಇದೆ.

ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ ಅಂತ ಲಸಿಕೆಯವರು ಬಂದ ದಿನ ದನ ಹೊಲಕ್ಕೆ ಹೊಡೆಯುವವರಿದ್ದಾರೆ. ಒಂದೆರಡು ದಿನ ಸ್ವಲ್ಪ ಇಳಿಯಬಹುದು, ನಿಜ. ಸ್ವಲ್ಪ ಮೈ ಬಿಸಿಯೂ ಆಗಬಹುದು. ಕಾಲುಬಾಯಿ ಬೇನೆ ಬಂದರೆ ಆ ಸೂಲಿನ ಹಾಲೇ ಹೋಗುತ್ತದೆ. ಎಷ್ಟೋ ಮಿಶ್ರತಳಿ ಆಕಳು ಆಮೇಲೆ ವರ್ಷಗಟ್ಟಲೆ ಬಿಸಿಲಿಗೆ ಏದುಸಿರು ಬಿಡುತ್ತವೆ, ಸರಿಯಾಗಿ ಬೆದೆಗೂ ಬರುವುದಿಲ್ಲ. ಎರಡು ದಿನದ ಒಂದೆರಡು ಲೀಟರ್ ಅದರ ಮುಂದೆ ಯಾವ ಲೆಕ್ಕ?

ಇನ್ನು ಹಾಲಿನ ವಿಷಯ. ನಿಮ್ಮ ಅತ್ತೆಯವರು ಹೇಳುವುದರಲ್ಲಿ ಅರ್ಧ ನಿಜ ಇದೆ. ಕುದಿಸಿದರೆ ರೋಗಾಣು ಸಾಯುತ್ತದೆ. ಹಸಿ ಹಾಲು ಕುಡಿಯುವ ಮನೆಗಳಿಗಿಂತ ನಿಮ್ಮ ಮನೆ ಎಷ್ಟೋ ಪಾಲು ಮೇಲು. ಆದರೆ ಔಷಧಿ ಜೀವ ಇರುವ ವಸ್ತು ಅಲ್ಲ, ಒಲೆಯ ಮೇಲಿನ ಕಾವಿಗೆ ಹೆಚ್ಚಿನ ಆಂಟಿಬಯಾಟಿಕ್‌ಗಳು ಬಗ್ಗುವುದಿಲ್ಲ. ನಿಮ್ಮ ಅಡುಗೆಮನೆಯಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. ಸೂಜಿ ಹಾಕಿದ ಆಕಳ ಹಾಲನ್ನು ಕಾಯಿಸಿ, ಆರಿಸಿ, ಹೆಪ್ಪು ಹಾಕಿದಾಗ ಮೊಸರು ಆಗದೇ ಹಾಲು ಹಾಲಾಗೇ ಉಳಿದದ್ದು ನೋಡಿರಬಹುದು. ಹೆಪ್ಪಿನಲ್ಲಿರುವುದೂ ಅಣುಜೀವಿಗಳೇ, ಆದರೆ ರೋಗ ತರದ ಒಳ್ಳೆಯವು. ಕುದಿಸಿದರೂ ಉಳಿದ ಔಷಧಿ ಅವನ್ನು ಕೊಂದುಹಾಕಿತು. ಅದೇ ಹಾಲು ಕುಡಿದ ಮಗುವಿನ ಹೊಟ್ಟೆಯಲ್ಲೂ ಅಂಥ ಒಳ್ಳೆಯ ಜೀವಿಗಳಿವೆ. ಪೆನಿಸಿಲಿನ್ ಒಗ್ಗದವರು ಮನೆಯಲ್ಲಿದ್ದರೆ ಮೈಮೇಲೆ ದದ್ದು ಏಳಬಹುದು. ಮೊಸರು ಆಯಿತು ಅಂದ ಮಾತ್ರಕ್ಕೆ ಔಷಧಿ ಇಲ್ಲ ಅಂತಲೂ ಅಲ್ಲ, ಸ್ವಲ್ಪ ಇದ್ದರೆ ಮೊಸರು ಆಗುತ್ತದೆ.

ಡೇರಿಗೆ ಹಾಕಿದರೆ ಏನಾಗುತ್ತದೆ ಅಂತಲೂ ತಿಳಿದಿರಲಿ. ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಮಿತಿ ಲೀಟರಿಗೆ 4 ಮೈಕ್ರೋಗ್ರಾಂ. ಈ ಲೆಕ್ಕದಲ್ಲಿ ಒಂದು ಗ್ರಾಂ ಪೆನಿಸಿಲಿನ್ ಎರಡೂವರೆ ಲಕ್ಷ ಲೀಟರ್ ಹಾಲನ್ನು ಮಿತಿಯ ಅಂಚಿಗೆ ತರಬಲ್ಲದು. ಒಬ್ಬರ ಮನೆಯ ಒಂದು ಕ್ಯಾನು ಇಡೀ ಊರಿನ ಟ್ಯಾಂಕಿನ ಹಾಲನ್ನು ಕೆಡಿಸಬಹುದು.

ಎಷ್ಟು ದಿನ ಹಾಲು ಬಿಡಬೇಕು? ಔಷಧಿಯ ಬಾಟಲಿಯ ಮೇಲೆ ಬರೆದಿರಬೇಕು ಅಂತ 2012ರಿಂದ ಕಾನೂನೇ ಇದೆ. ಆ ಔಷಧಿಗೆ ಇಷ್ಟು ದಿನ ಅಂತ ಪರೀಕ್ಷೆಯಿಂದ ಗೊತ್ತುಮಾಡಿರದಿದ್ದರೆ, ಕೊನೆಯ ಸೂಜಿಯಿಂದ ಕಡಿಮೆ ಅಂದರೂ 7 ದಿನ ಹಾಲು ಬಳಸಬಾರದು. ಮಾಂಸಕ್ಕೆ 28 ದಿನ. ಸೂಜಿ ಹಾಕಿದ ದಿನ ಮಾತ್ರ ಬಿಟ್ಟರೆ ಸಾಲದು. ಒಂದೇ ಮೊಲೆಯ ತೂತಿನೊಳಗೆ ಔಷಧಿಯ ಟ್ಯೂಬ್ ಏರಿಸಿದ್ದರೂ ನಾಲ್ಕೂ ಮೊಲೆಯ ಹಾಲು ಬಿಡಬೇಕು, ಯಾಕೆಂದರೆ ಔಷಧಿ ರಕ್ತಕ್ಕೆ ಸೇರಿ ಉಳಿದ ಮೂರಕ್ಕೂ ಹೋಗುತ್ತದೆ. ಆ ಹಾಲನ್ನು ಕರುವಿಗೆ ಕುಡಿಸಬೇಡಿ, ಅದರ ಹೊಟ್ಟೆಯಲ್ಲಿ ತಡೆದುಕೊಳ್ಳುವ ರೋಗಾಣು ಬೆಳೆಯುತ್ತದೆ. ಬಾವಿ, ಹಳ್ಳದಿಂದ ದೂರ ಗುಂಡಿ ತೋಡಿ ಸುರಿಯಿರಿ. ಮನೆಯಲ್ಲಿ ಹಾಲು ಹಿಂಡುವವರು ಬದಲಾದಾಗ ಮರೆಯುತ್ತದೆ. ಅದಕ್ಕೆ ಆಕಳ ಹಿಂಗಾಲಿಗೆ ಕೆಂಪು ಬಟ್ಟೆ ಕಟ್ಟಿ, ಕೊಟ್ಟಿಗೆಯ ಗೋಡೆಯ ಮೇಲೆ ಔಷಧಿಯ ಹೆಸರು, ಕೊನೆಯ ಸೂಜಿಯ ತಾರೀಖು, ಹಾಲು ಶುರು ಮಾಡುವ ತಾರೀಖು ಸುಣ್ಣದ ಕಡ್ಡಿಯಲ್ಲಿ ಬರೆದಿಡಿ. 7 ದಿನ ಹನ್ನೆರಡು ಲೀಟರ್ ಚೆಲ್ಲುವುದು ಸಂಕಟದ ಕೆಲಸ, ನನಗೆ ಗೊತ್ತು. ಹಾಗಾಗಿಯೇ ಬೇಡದ ಸೂಜಿ ಬೇಡ ಅನ್ನುತ್ತಿದ್ದೇನೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ನಿಮ್ಮ ಕೊಟ್ಟಿಗೆಯ ನೆಲ ಹೇಗಿದೆ? ನಮ್ಮ ಕಡೆ ಬಹಳ ಮನೆಗಳಲ್ಲಿ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಕಲ್ಲು ಒಳ್ಳೆಯದೇ, ತೊಳೆಯಲು ಸುಲಭ. ಆದರೆ ಒಮ್ಮೆ ಬಗ್ಗಿ ಕಲ್ಲಿನ ಸಂದಿಗಳನ್ನು ನೋಡಿ. ಸಿಮೆಂಟು ಕಿತ್ತುಹೋಗಿ ಎರಡು ಬೆರಳು ಅಗಲದ ಸಂದಿ ಆಗಿರುತ್ತದೆ. ಅದರಲ್ಲಿ ಸಗಣಿ, ಉಚ್ಚೆ, ಚೆಲ್ಲಿದ ಹಾಲು ಕೂಡಿ ಕಪ್ಪು ರಾಡಿ. ಆಕಳು ಮಲಗಿದಾಗ ಹಿಂದಿನ ಮೊಲೆಗಳು ಸರಿಯಾಗಿ ಆ ಸಂದಿಯ ಮೇಲೇ ಬೀಳುತ್ತವೆ. ಸಂದಿಗಳನ್ನು ಕೆರೆದು ಸಿಮೆಂಟು ತುಂಬಿಸಿ. ಉಚ್ಚೆ ಹರಿದು ಹೋಗುವಂತೆ ಹಿಂದಕ್ಕೆ ಸ್ವಲ್ಪ ಇಳಿಜಾರು ಬೇಕು. ಮಣ್ಣಿನ ನೆಲ ಇದ್ದರೆ ತಗ್ಗು ಬಿದ್ದಲ್ಲಿ ನಮ್ಮ ಕೆಂಪು ಮೊರಂ ಹಾಕಿ ದಿಮ್ಮಿಸಿ. ವಾರಕ್ಕೆರಡು ಸಲ ಒಣ ಸುಣ್ಣದ ಪುಡಿ ಎರಚಿ. ಮಳೆಗಾಲದಲ್ಲಿ ಸೋರುವ ತಗಡು ಮೊದಲು ಸರಿ ಮಾಡಿಸಿ, ಆ ಖರ್ಚು ನಾಲ್ಕು ಸೂಜಿಯ ಖರ್ಚಿಗಿಂತ ಹೆಚ್ಚೇನೂ ಆಗಲಿಕ್ಕಿಲ್ಲ.

ಆಮೇಲೆ ಕೈ. ನಿಮ್ಮ ಆಕಳಲ್ಲಿ ಇರುವುದು ನಾನು ಅನುಮಾನ ಪಡುವ ರೋಗಾಣುವೇ ಆಗಿದ್ದರೆ, ಅದು ಒಂದು ಆಕಳಿಂದ ಇನ್ನೊಂದಕ್ಕೆ ಹೋಗುವುದು ಹಿಂಡುವವರ ಕೈಯಲ್ಲಿ, ಒರೆಸುವ ಬಟ್ಟೆಯಲ್ಲಿ. ಇವತ್ತಿನಿಂದಲೇ ಮೊದಲು ದೇವಣಿ, ಆಮೇಲೆ ಎಮ್ಮೆ, ಕೊನೆಗೆ ಈ ಆಕಳು. ಈ ಆಕಳಲ್ಲೂ ಬಲಗಡೆ ಹಿಂದಿನ ಮೊಲೆ ಎಲ್ಲಕ್ಕಿಂತ ಕೊನೆಗೆ. ಆ ಹಾಲನ್ನು ನೆಲಕ್ಕೆ ಹಿಂಡಬೇಡಿ, ಡಬ್ಬಿಗೆ ಹಿಂಡಿ ಗುಂಡಿಗೆ ಹಾಕಿ. ಒಂದೇ ಸೀರೆ ತುಂಡಿನಿಂದ ಮೂರೂ ಕೆಚ್ಚಲು ಒರೆಸುವ ರೂಢಿ ಇದ್ದರೆ ಬಿಟ್ಟುಬಿಡಿ, ಒಂದೊಂದಕ್ಕೆ ಒಂದೊಂದು ತುಂಡು, ದಿನಾ ಕುದಿಸಿ ಬಿಸಿಲಿಗೆ ಹಾಕಿ. ಹೆಬ್ಬೆರಳು ಮಡಚಿ ಎಳೆದು ಹಿಂಡಿದರೆ ಮೊಲೆಯ ಒಳಗೆ ಗಾಯ ಆಗುತ್ತದೆ. ಮುಷ್ಟಿ ತುಂಬ ಹಿಡಿದು ಹಿಂಡಿ. ಕೈ ಜಾರಲಿ ಅಂತ ಹಾಲಿನಲ್ಲೇ ಬೆರಳು ಅದ್ದುವುದು ಬೇಡ.

ಹಿಂಡಿ ಮುಗಿದ ಮೇಲೆ ಮೊಲೆಯ ತೂತು ಸುಮಾರು ಅರ್ಧ ತಾಸು ತೆರೆದೇ ಇರುತ್ತದೆ. ಆಕಳು ಆಗಲೇ ಮಲಗಿದರೆ ರಾಡಿ ನೇರ ಒಳಗೆ. ಹಾಗಾಗಿ ಹಿಂಡಿದ ಕೂಡಲೇ ಗೋದಲಿಗೆ ಕಣಕಿ ಹಾಕಿ, ತಿನ್ನುತ್ತಾ ನಿಂತಿರಲಿ. ಹಿಂಡುವಾಗಲೇ ಎಲ್ಲಾ ಮೇವು ಹಾಕಿಬಿಡಬೇಡಿ. ಪೊವಿಡೋನ್ ಅಯೋಡಿನ್ ದ್ರಾವಣಕ್ಕೆ ಸ್ವಲ್ಪ ಗ್ಲಿಸರಿನ್ ಸೇರಿಸಿ, ಚಿಕ್ಕ ಕಪ್ಪಿನಲ್ಲಿ ಹಾಕಿ, ಒಂದೊಂದು ಮೊಲೆಯನ್ನೂ ಅದರಲ್ಲಿ ಅದ್ದಿ ಬಿಡಿ. ಕರು ಬಿಟ್ಟು ಕುಡಿಸುವ ದೇವಣಿಗೆ ಕರು ಕುಡಿದು ಸರಿದ ಮೇಲೆ ಅದ್ದಿ. ಹೇಳಿದ್ದರಲ್ಲಿ ಇದೊಂದೇ ಮಾಡುತ್ತೀರಿ ಅಂದರೂ ನನಗೆ ಸಮಾಧಾನ.

ವಾರಕ್ಕೊಮ್ಮೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. 100 ಮಿಲಿ ಲೀಟರ್ ನೀರಿಗೆ 3 ಗ್ರಾಂ ಬಟ್ಟೆ ತೊಳೆಯುವ ಪುಡಿ ಕಲಸಿ. ನಾಲ್ಕು ಬಟ್ಟಲಲ್ಲಿ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಸ್ವಲ್ಪ ಸ್ವಲ್ಪ ಹಿಂಡಿ, ಅಷ್ಟೇ ಪುಡಿಯ ನೀರು ಸೇರಿಸಿ, ದುಂಡಗೆ ತಿರುಗಿಸಿ. ಒಳ್ಳೆಯ ಹಾಲು ನೀರಿನ ಹಾಗೇ ತಿರುಗುತ್ತದೆ. ಬಾವು ಒಳಗೇ ಶುರುವಾಗಿದ್ದರೆ ಗಂಜಿಯ ಹಾಗೆ ಲೋಳೆ ಲೋಳೆಯಾಗಿ ಬಟ್ಟಲಿಗೆ ಅಂಟುತ್ತದೆ. ಕಣ್ಣಿಗೆ ಹಾಲು ಬೆಳ್ಳಗೇ ಕಾಣುತ್ತಿದ್ದರೂ ಇದರಲ್ಲಿ ಗೊತ್ತಾಗುತ್ತದೆ. ದೇವಣಿ, ಎಮ್ಮೆ ಎರಡಕ್ಕೂ ಈ ವಾರವೇ ಮಾಡಿ ನೋಡಿ. ಲೋಳೆ ಬಂತು ಅಂತ ಗಾಬರಿಯಾಗಿ ಸೂಜಿಗೆ ಓಡಬೇಡಿ, ಡಾಕ್ಟರಿಗೆ ಹೇಳಿ.

ಆ ಮೊಲೆ ಉಳಿಯುತ್ತದಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಉಳಿಯಬಹುದು. ವರದಿಯಲ್ಲಿ ಹಟಮಾರಿ ರೋಗಾಣು ಬಂದರೆ ಆಕಳು ಹಾಲು ಕೊಡುವಾಗ ಗುಣ ಮಾಡುವುದು ಕಷ್ಟ. ಮುಂದಿನ ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸುವಾಗ, ಮೊಲೆಯೊಳಗೆ ಬಹಳ ದಿನ ಉಳಿಯುವ ಟ್ಯೂಬ್ ಏರಿಸುತ್ತಾರೆ. ಆಗ ಗುಣವಾಗುವ ಸಾಧ್ಯತೆ ಜಾಸ್ತಿ. ಅದಕ್ಕೂ ಬಗ್ಗದಿದ್ದರೆ ಆ ಒಂದು ಮೊಲೆಯನ್ನು ಶಾಶ್ವತವಾಗಿ ಬತ್ತಿಸುವುದು ಒಳ್ಳೆಯದು. ಮೂರು ಮೊಲೆಯಲ್ಲಿ ಚೆನ್ನಾಗಿ ಹಾಲು ಕೊಡುವ ಆಕಳು ಎಷ್ಟೋ ಇವೆ. ಯಾರಿಗೂ ಹೇಳದೆ ಸಂತೆಯಲ್ಲಿ ಮಾರಿಬಿಡೋಣ ಅನ್ನುವವರಿದ್ದಾರೆ. ಆ ರೋಗ ಇನ್ನೊಬ್ಬ ಅಕ್ಕನ ಕೊಟ್ಟಿಗೆಗೆ ಹೋಗುತ್ತದೆ. ನೀವು ಹಾಗೆ ಮಾಡಲಾರಿರಿ ಅಂತ ನಿಮ್ಮ ಪತ್ರ ಓದಿದರೇ ತಿಳಿಯುತ್ತದೆ.

ನಾಳೆ ಬೆಳಿಗ್ಗೆ ಹಿಂಡುವ ಮೊದಲು ಆಕಳ ಜ್ವರ ನೋಡಿಸಿ. ಇಲ್ಲಿಯವರೆಗೆ ಹಾಕಿದ ಔಷಧಿಯ ಖಾಲಿ ಬಾಟಲಿಗಳು ತಿಪ್ಪೆಯಲ್ಲಿದ್ದರೂ ಹುಡುಕಿ, ತೊಳೆದು, ಆಸ್ಪತ್ರೆಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ. ಏನೇನು ಬಿದ್ದಿದೆ ಅಂತ ಡಾಕ್ಟರಿಗೆ ಅದರಿಂದಲೇ ತಿಳಿಯುತ್ತದೆ. ವರದಿ ಬಂದ ಮೇಲೆ ಅದರಲ್ಲಿ ಬರೆದದ್ದನ್ನು ನನಗೂ ತಿಳಿಸಿ, ಮುಂದಿನದು ಆಗ ನೋಡೋಣ.